ಗಾಜಿನ ಪಾತ್ರೆಯಲ್ಲಿ ಮೆಲನೋಮ

ನಮ್ಮ ವಿಭಾಗಕ್ಕೆ ಹೊಸದಾಗಿ ಬಂದ ವಿದ್ಯಾರ್ಥಿಗಳು ಕೋಶಕೃಷಿಯ ಕೊಠಡಿಯನ್ನು ನೋಡಿ ಹೊರಬಂದ ಮೇಲೆ ಕೇಳುವ ಪ್ರಶ್ನೆಗಳಲ್ಲಿ ಒಂದು ಪ್ರತಿವರ್ಷವೂ ತಪ್ಪದೆ ಬರುತ್ತದೆ. "ಔಷಧ ಹಾಕಿದ ಪಾತ್ರೆಯಲ್ಲಿ ಕ್ಯಾನ್ಸರ್ ಕೋಶಗಳೆಲ್ಲ ಸತ್ತುಹೋದುವು. ಹಾಗಿದ್ದರೆ ಅದೇ ಔಷಧದಿಂದ ರೋಗಿ ಏಕೆ ಗುಣಹೊಂದುವುದಿಲ್ಲ?" ಪ್ರಶ್ನೆ ಸರಳವಾದದ್ದು, ಉತ್ತರ ಅಷ್ಟು ಸರಳವಲ್ಲ. ಗಾಜಿನ ಪಾತ್ರೆಯಲ್ಲಿ ಕಂಡದ್ದನ್ನು ಎಷ್ಟರಮಟ್ಟಿಗೆ ನಂಬಬಹುದು, ಎಲ್ಲಿ ನಂಬಬಾರದು ಎಂಬುದನ್ನು ಮೆಲನೋಮವೆಂಬ ಒಂದು ರೋಗದ ನಿದರ್ಶನದಿಂದ ವಿವರಿಸಲು ಈ ಲೇಖನದಲ್ಲಿ ಯತ್ನಿಸುತ್ತೇವೆ. ಆ ಪಾತ್ರೆಯ ಸಾಕ್ಷ್ಯವು ಅಚ್ಚರಿಪಡುವಷ್ಟು ನಿಜವಾದ ಪ್ರಸಂಗವೂ ಅದು ದಶಕಗಳ ಕಾಲ ದಾರಿ ತಪ್ಪಿಸಿದ ಪ್ರಸಂಗವೂ ಈ ರೋಗದ ಚರಿತ್ರೆಯಲ್ಲಿ ಒಟ್ಟಿಗೆ ದೊರೆಯುತ್ತವೆ.

ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ಕಪ್ಪು ದ್ರವ್ಯವನ್ನು ತಯಾರಿಸುವ ಕೋಶಗಳಿಗೆ ಮೆಲನೋಸೈಟುಗಳೆಂದು ಹೆಸರು. ಭ್ರೂಣಾವಸ್ಥೆಯಲ್ಲಿ ಇವು ನರಮಂಡಲದ ಅಂಚಿನಿಂದ ಹೊರಟು, ಬಹುದೂರ ವಲಸೆ ಹೋಗಿ ಚರ್ಮದಲ್ಲಿ ನೆಲೆಸುತ್ತವೆ. ಈ ಕೋಶಗಳು ಕಟ್ಟುಮೀರಿ ಬೆಳೆದಾಗ ಉಂಟಾಗುವ ಕ್ಯಾನ್ಸರೇ ಮೆಲನೋಮ. ಗಂತಿಯು ಚರ್ಮದಲ್ಲಿ ತೆಳುವಾಗಿರುವಾಗಲೇ ಗುರುತಿಸಿ ಕತ್ತರಿಸಿ ತೆಗೆದರೆ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ. ಶ್ವಾಸಕೋಶ, ಯಕೃತ್ತು, ಮಿದುಳುಗಳಿಗೆ ಹಬ್ಬಿದ ಮೇಲೆ ಮಾತ್ರ ಇದು ಅತಿ ಕ್ರೂರವಾದ ರೋಗ. ಅಮೆರಿಕದಲ್ಲಿ 1975ರಲ್ಲಿ ಅಂಗೀಕೃತವಾದ ಡಕಾರ್ಬಜೀನ್ ಎಂಬ ಔಷಧವೇ ಮೂರೂವರೆ ದಶಕಗಳ ಕಾಲ ವೈದ್ಯರ ಕೈಯಲ್ಲಿದ್ದ ಮುಖ್ಯ ಆಯುಧವಾಗಿತ್ತು. ಅದರಿಂದ ರೋಗಿಯ ಆಯಸ್ಸು ಹೆಚ್ಚಿತೆಂದು ಧೈರ್ಯವಾಗಿ ಹೇಳುವಂತಿರಲಿಲ್ಲ.

ರೋಗಿಯಿಂದ ತೆಗೆದ ಗಂತಿಯ ಚೂರನ್ನು ಬಿಡಿಬಿಡಿ ಕೋಶಗಳನ್ನಾಗಿ ಮಾಡಿ, ಸಕ್ಕರೆ, ಅಮೈನೋ ಆಮ್ಲ, ಲವಣ, ಕರುವಿನ ಭ್ರೂಣದ ರಕ್ತಸಾರ ಇವು ಸೇರಿದ ದ್ರವದಲ್ಲಿ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಟ್ಟರೆ ಬಹುಪಾಲು ಕೋಶಗಳು ಸಾಯುತ್ತವೆ. ಎಲ್ಲೋ ಕೆಲವು ಪಾತ್ರೆಯ ತಳಕ್ಕೆ ಅಂಟಿಕೊಂಡು ಇಬ್ಭಾಗವಾಗುತ್ತ ಸಾಗುತ್ತವೆ. ಹೀಗೆ ಕೊನೆಯಿಲ್ಲದೆ ಬೆಳೆಯುವ ಸಂತತಿಯನ್ನು ಕೋಶವಂಶವೆಂದು ಕರೆಯೋಣ. ಇದನ್ನು ದ್ರವನೈಟ್ರೊಜನ್ನಿನಲ್ಲಿ ಹೆಪ್ಪುಗಟ್ಟಿಸಿ ಇಡಬಹುದು, ಅಂಚೆಯಲ್ಲಿ ಕಳುಹಿಸಬಹುದು, ವರ್ಷಗಳ ಮೇಲೆ ಮತ್ತೆ ಎಬ್ಬಿಸಬಹುದು. ಆದರೆ ಇಲ್ಲಿ ಉಳಿದುಬಂದ ಕೋಶಗಳು ಗಂತಿಯ ಪ್ರತಿನಿಧಿಗಳಲ್ಲ, ಪಾತ್ರೆಯಲ್ಲಿ ಬಾಳಬಲ್ಲವೆಂದು ಆಯ್ಕೆಯಾದ ಕೋಶಗಳು ಎಂಬುದನ್ನು ವಾಚಕರು ಮೊದಲೇ ಗಮನದಲ್ಲಿಡಬೇಕು. ಗಂತಿಯ ಸುತ್ತಣ ರಕ್ತನಾಳಗಳಿಲ್ಲ, ನಾರುಕೋಶಗಳಿಲ್ಲ, ರೋಗರಕ್ಷಣೆಯ ಬಿಳಿಯ ರಕ್ತಕಣಗಳಿಲ್ಲ, ಔಷಧವನ್ನು ಒಡೆಯುವ ಯಕೃತ್ತಿಲ್ಲ.

ಇಂಥ ಕೋಶಗಳನ್ನು ಕೊಲ್ಲುವುದು ಕಷ್ಟದ ಕೆಲಸವೇನೂ ಅಲ್ಲ. ಗಟ್ಟಿಯಾದ ಉಪ್ಪುನೀರು ಕೊಲ್ಲುತ್ತದೆ. ಸಾಬೂನಿನ ನೀರೂ ಕೊಲ್ಲುತ್ತದೆ. ಇಂಥ ಎಲೆಯ ಸಾರದಿಂದ, ಇಂಥ ಬೇರಿನ ಸಾರದಿಂದ ಕ್ಯಾನ್ಸರ್ ಕೋಶಗಳು ನಾಶವಾದುವೆಂಬ ವರದಿಗಳನ್ನು ನಾವು ಆಗಾಗ ಓದುತ್ತೇವೆ. ಅವುಗಳಲ್ಲಿ ಅನೇಕವು ಪ್ರಾಮಾಣಿಕವಾದ ಕೆಲಸಗಳೇ. ಆದರೆ ಆ ಸಾರವು ಎಷ್ಟು ಸಾಂದ್ರತೆಯಲ್ಲಿ ಕೊಂದಿತು, ಅಷ್ಟು ಸಾಂದ್ರತೆಯನ್ನು ಮನುಷ್ಯನ ರಕ್ತದಲ್ಲಿ ತರಲು ಸಾಧ್ಯವೆ, ಅದೇ ಪ್ರಮಾಣವು ಆರೋಗ್ಯವಂತ ಮೆಲನೋಸೈಟುಗಳನ್ನು ಉಳಿಸಿತೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಾಣದಿದ್ದರೆ ವರದಿಯನ್ನು ಮಡಿಸಿಡುವುದು ಒಳ್ಳೆಯದು. ಅಳೆಯುವ ಬಗೆಯಲ್ಲಿಯೂ ಒಂದು ಮೋಸವುಂಟು. ನಮ್ಮ ಕಾಲೇಜುಗಳಲ್ಲಿ ಬಹುವಾಗಿ ಬಳಸುವ ಎಂಟಿಟಿ ಪರೀಕ್ಷೆಯಲ್ಲಿ ಹಳದಿಯ ವರ್ಣದ್ರವ್ಯವೊಂದನ್ನು ಜೀವಂತ ಕೋಶಗಳು ನೇರಿಳೆಗೆ ತಿರುಗಿಸುತ್ತವೆ. ನೇರಿಳೆ ಕಡಮೆಯಾದರೆ ಕೋಶಗಳು ಸತ್ತವೆಂದು ಲೆಕ್ಕ. ವಾಸ್ತವವಾಗಿ ಇದು ಕೋಶದ ಚಯಾಪಚಯವನ್ನು ಅಳೆಯುತ್ತದೆಯೇ ಹೊರತು ಮರಣವನ್ನಲ್ಲ. ಮೇಲಾಗಿ ಗಿಡಮೂಲಿಕೆಗಳಲ್ಲಿರುವ ಕೆಲವು ದ್ರವ್ಯಗಳು ಕೋಶಗಳ ನೆರವಿಲ್ಲದೆಯೇ ಆ ವರ್ಣದ್ರವ್ಯವನ್ನು ನೇರಿಳೆಯಾಗಿಸುತ್ತವೆ. ಕೋಶವಿಲ್ಲದ ಗುಳಿಯೊಂದನ್ನು ಜೊತೆಯಲ್ಲಿ ಇಟ್ಟು ನೋಡದವರಿಗೆ ಇದು ತಿಳಿಯುವುದೇ ಇಲ್ಲ.

ಇಷ್ಟು ಹೇಳಿದ ಮೇಲೆ ಗಾಜಿನ ಪಾತ್ರೆಯ ದೊಡ್ಡ ಗೆಲವನ್ನು ಹೇಳದಿದ್ದರೆ ಅನ್ಯಾಯವಾದೀತು. 2002ರಲ್ಲಿ ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯ ಸಂಶೋಧಕರು ಬಗೆಬಗೆಯ ಕ್ಯಾನ್ಸರುಗಳ ಕೋಶವಂಶಗಳನ್ನೂ ಗಂತಿಗಳನ್ನೂ ಪರೀಕ್ಷಿಸಿ, ಬಿರಾಫ್ ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ ಮೆಲನೋಮಗಳಲ್ಲಿ ಮತ್ತೆ ಮತ್ತೆ ಬರುವುದನ್ನು ಕಂಡರು. ಇದರಿಂದ ಬಿರಾಫ್ ಪ್ರೋಟೀನಿನ 600ನೆಯ ಸ್ಥಾನದಲ್ಲಿ ವೇಲೀನಿನ ಬದಲು ಗ್ಲುಟಾಮಿಕ್ ಆಮ್ಲ ಬಂದು ಕೂಡುತ್ತದೆ. ಕೋಶದ ಹೊರಗಿನಿಂದ "ಬೆಳೆ" ಎಂಬ ಆಜ್ಞೆ ಬಂದಾಗ ಅದನ್ನು ಒಳಕ್ಕೆ ಸಾಗಿಸುವ ಪ್ರೋಟೀನುಗಳ ಸರಪಳಿಯಲ್ಲಿ ಬಿರಾಫ್ ಒಂದು ಕೊಂಡಿ. ರಾಸ್ ಅದಕ್ಕೆ ಹಿಂದಿನದು, ಮೆಕ್ ಮತ್ತು ಅರ್ಕ್ ಮುಂದಿನವು. ಆಜ್ಞೆ ಬಾರದಿದ್ದರೂ ಬಂದಂತೆ ನಡೆದುಕೊಳ್ಳುವುದೇ ಈ ಬದಲಾದ ಬಿರಾಫಿನ ದೋಷ. ಮೆಲನೋಮಗಳಲ್ಲಿ ಸುಮಾರು ಅರ್ಧದಷ್ಟು ಈ ಬಗೆಯ ದೋಷವನ್ನು ಹೊತ್ತಿರುತ್ತವೆ.

ದೋಷ ತಿಳಿದ ಮೇಲೆ ಅದನ್ನು ಹಿಡಿದುಕಟ್ಟುವ ಅಣುವನ್ನು ರಸಾಯನಜ್ಞರು ರಚಿಸಿದರು. ವೆಮುರಾಫೆನಿಬ್ ಎಂದು ಆಮೇಲೆ ಹೆಸರಾದ ಆ ದ್ರವ್ಯವು ಪಾತ್ರೆಯಲ್ಲಿ ಬದಲಾದ ಬಿರಾಫ್ ಇದ್ದ ಮೆಲನೋಮ ಕೋಶಗಳ ಬೆಳವಣಿಗೆಯನ್ನು ತಡೆಯಿತು. ಬದಲಾವಣೆಯಿಲ್ಲದ ಕೋಶಗಳನ್ನು ಮುಟ್ಟಲಿಲ್ಲ. ಆದರೆ ಮೊದಲ ಸಲ ರೋಗಿಗಳಿಗೆ ಕೊಟ್ಟಾಗ ಗಂತಿಗಳು ಕರಗಲಿಲ್ಲ. ಇಲ್ಲಿಗೇ ಕೆಲಸ ನಿಂತಿದ್ದರೆ ಪಾತ್ರೆಯ ಸಾಕ್ಷ್ಯವು ಸುಳ್ಳೆಂದು ಎಲ್ಲರೂ ತೀರ್ಮಾನಿಸುತ್ತಿದ್ದರು. ಕಾರಣ ಬೇರೆಯೇ ಇತ್ತು. ಹರಳಿನ ರೂಪದಲ್ಲಿದ್ದ ಆ ಔಷಧ ಕರುಳಿನಲ್ಲಿ ಸರಿಯಾಗಿ ಹೀರಲ್ಪಡದೆ ರಕ್ತದಲ್ಲಿ ಸಾಕಷ್ಟು ಪ್ರಮಾಣಕ್ಕೆ ಏರುತ್ತಿರಲಿಲ್ಲ. ಅದೇ ಅಣುವನ್ನು ಬೇರೊಂದು ರೀತಿಯ ಪುಡಿಯನ್ನಾಗಿ ಸಿದ್ಧಪಡಿಸಿ ಕೊಟ್ಟಾಗ ರಕ್ತದಲ್ಲಿ ಅದರ ಪ್ರಮಾಣ ಏರಿತು, ಗಂತಿಗಳು ಕುಗ್ಗಿದುವು. ಗಂತಿಯೊಳಗೆ ಅರ್ಕ್ ಕೊಂಡಿಯ ಚಟುವಟಿಕೆ ಶೇಕಡ 80ಕ್ಕಿಂತ ಹೆಚ್ಚಾಗಿ ಅಡಗಿದಲ್ಲದೆ ಫಲವಿಲ್ಲವೆಂಬುದು ಆಗ ಗೊತ್ತಾಯಿತು. 2010ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಬಿರಾಫ್ ದೋಷವಿದ್ದ 32 ಮಂದಿ ರೋಗಿಗಳ ಗುಂಪಿನಲ್ಲಿ 26 ಮಂದಿಯ ಗಂತಿಗಳು ಕುಗ್ಗಿದ್ದುವು. ಮರುವರ್ಷ 675 ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಡಕಾರ್ಬಜೀನಿಗೆ ಮಣಿದವರು ಶೇಕಡ 5, ವೆಮುರಾಫೆನಿಬಿಗೆ ಮಣಿದವರು ಶೇಕಡ 48. ಒಂದು ಅಕ್ಷರದ ತಪ್ಪನ್ನು ಪತ್ತೆಹಚ್ಚಿದ್ದರಿಂದ ಒಂಬತ್ತು ವರ್ಷಗಳಲ್ಲಿ ಒಂದು ಔಷಧ ಹುಟ್ಟಿತು.

ಆದರೆ ಅದೇ ಪರೀಕ್ಷೆಯಲ್ಲಿ ಇನ್ನೊಂದು ಅಂಕಿಯೂ ಇತ್ತು. ರೋಗವು ಮತ್ತೆ ಮುಂದುವರಿಯುವುದಕ್ಕೆ ಮೊದಲು ದೊರೆತ ಬಿಡುವು ಮಧ್ಯಕ ಲೆಕ್ಕದಲ್ಲಿ 5.3 ತಿಂಗಳು ಮಾತ್ರ. ಬಹುಮಂದಿಯಲ್ಲಿ ಗಂತಿ ಹಿಂತಿರುಗಿತು. ಕೆಲವರ ಚರ್ಮದಲ್ಲಿ, ಔಷಧ ಪ್ರಾರಂಭಿಸಿದ ಮೇಲೆ, ಬೇರೆ ಜಾತಿಯ ಹೊಸ ಗಂತಿಗಳೂ ಕಾಣಿಸಿದುವು. ಈ ಎರಡನೆಯ ವಿಚಿತ್ರವನ್ನು ಬಿಡಿಸಿದ್ದು ಮತ್ತೆ ಕೋಶಕೃಷಿಯ ಪ್ರಯೋಗಗಳೇ. ಬಿರಾಫ್ ನೆಟ್ಟಗಿದ್ದು ರಾಸ್ ಕೆಟ್ಟಿರುವ ಕೋಶಗಳಲ್ಲಿ ಈ ಔಷಧವು ಸರಪಳಿಯನ್ನು ಅಡಗಿಸುವ ಬದಲು ಕೆರಳಿಸುತ್ತದೆ. ಬಿಸಿಲಿಗೆ ಬೆಂದ ಚರ್ಮದಲ್ಲಿ ಅಂಥ ಕೋಶಗಳು ಸುಮ್ಮನೆ ಮಲಗಿದ್ದರೆ ಔಷಧವೇ ಅವನ್ನು ಎಬ್ಬಿಸುತ್ತದೆ. ಆದಕಾರಣ ಸರಪಳಿಯ ಮುಂದಿನ ಕೊಂಡಿಯಾದ ಮೆಕ್‌ಗೂ ಬೀಗ ಹಾಕುವ ಎರಡನೆಯ ಔಷಧವನ್ನು ಜೊತೆಗೂಡಿಸುವ ಪದ್ಧತಿ ಬಂತು. ಡಬ್ರಾಫೆನಿಬ್ ಮತ್ತು ಟ್ರಮೆಟಿನಿಬ್ ಎಂಬ ಜೋಡಿ ಅಮೆರಿಕದಲ್ಲಿ 2014ರಲ್ಲಿ ಅಂಗೀಕೃತವಾಯಿತು. ಚರ್ಮದ ಹೊಸ ಗಂತಿಗಳು ಇದರಿಂದ ಕಡಮೆಯಾದುವು, ಬಿಡುವೂ ಹೆಚ್ಚಿತು.

ಗಂತಿ ಹಿಂತಿರುಗುವುದೇಕೆ ಎಂಬುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ನಮಗೆ ಬಹು ಅರ್ಥಪೂರ್ಣವಾಗಿ ಕಾಣುವುದು 2012ರಲ್ಲಿ ವರದಿಯಾದ ಒಂದು ಪ್ರಯೋಗ. ಒಂಟಿಯಾಗಿ ಬೆಳೆದ ಮೆಲನೋಮ ಕೋಶಗಳು ಔಷಧಕ್ಕೆ ಬಾಗಿದುವು. ಅದೇ ಪಾತ್ರೆಯಲ್ಲಿ ನಾರುಕೋಶಗಳನ್ನೂ ಸೇರಿಸಿ ಬೆಳೆಸಿದಾಗ ಬಾಗಲಿಲ್ಲ. ನಾರುಕೋಶಗಳು ಸ್ರವಿಸುವ ಬೆಳವಣಿಗೆಯ ದ್ರವ್ಯವೊಂದು ಬಿರಾಫನ್ನು ಬಳಸಿಕೊಳ್ಳದೆ ಬೇರೊಂದು ದಾರಿಯಿಂದ ಅವನ್ನು ಪೋಷಿಸುತ್ತಿತ್ತು. ನೆರೆಹೊರೆಯನ್ನು ಬಿಟ್ಟು ಒಬ್ಬನನ್ನೇ ವಿಚಾರಿಸಿದರೆ ಅರ್ಧ ಸಂಗತಿ ಮಾತ್ರ ತಿಳಿಯುತ್ತದೆಂಬುದು ಊರಿನ ಪಂಚಾಯಿತಿಯಲ್ಲಿ ಕುಳಿತವರಿಗೆಲ್ಲ ಗೊತ್ತಿರುವ ವಿಷಯ! ಅದೇ ವರ್ಷ ಇನ್ನೊಂದು ಒಗಟೂ ಬಿಡಿಸಿಕೊಂಡಿತು. ದೊಡ್ಡ ಕರುಳಿನ ಕೆಲವು ಕ್ಯಾನ್ಸರುಗಳಲ್ಲಿ ಬಿರಾಫಿನ ಇದೇ ದೋಷವಿದ್ದರೂ ವೆಮುರಾಫೆನಿಬಿನಿಂದ ಅಲ್ಲಿ ಪ್ರಯೋಜನವಾಗುತ್ತಿರಲಿಲ್ಲ. ಕರುಳಿನ ಕೋಶಗಳ ಮೇಲ್ಮೈಯಲ್ಲಿ ಇಜಿಎಫ್ ಗ್ರಾಹಕವೆಂಬ ಪ್ರೋಟೀನು ಹೇರಳವಾಗಿದ್ದು, ಬಿರಾಫನ್ನು ಅಡಗಿಸಿದ ಕೂಡಲೆ ಅದು ಚುರುಕಾಗಿ ಬೆಳವಣಿಗೆಯನ್ನು ಮುಂದುವರಿಸುತ್ತದೆ. ಮೆಲನೋಮ ಕೋಶಗಳಲ್ಲಿ ಆ ಗ್ರಾಹಕ ಬಹು ಕಡಮೆ. ದೋಷ ಒಂದೇ ಆದರೂ ಅದು ಯಾವ ಮನೆತನದ ಕೋಶದಲ್ಲಿದೆ ಎಂಬುದರ ಮೇಲೆ ಫಲ ನಿಂತಿದೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಇದು ಬೇಕಾಗುತ್ತದೆ.

ಇನ್ನು ಪಾತ್ರೆಯು ಏನೂ ಹೇಳಲಾರದ ಚಿಕಿತ್ಸೆಯೊಂದುಂಟು. ನಮ್ಮ ದೇಹದ ಟಿ-ಕೋಶಗಳೆಂಬ ರಕ್ಷಣಾ ಕೋಶಗಳು ಮಿತಿಮೀರದಂತೆ ತಡೆಯುವ ಕಡಿವಾಣಗಳು ಅವುಗಳ ಮೈಮೇಲೆಯೇ ಇವೆ. ಅವುಗಳಲ್ಲಿ ಸಿಟಿಎಲ್ಎ-4 ಒಂದು, ಪಿಡಿ-1 ಇನ್ನೊಂದು. ಪ್ರತಿಕಾಯಗಳಿಂದ ಈ ಕಡಿವಾಣಗಳನ್ನು ಸಡಿಲಿಸಿದರೆ ಟಿ-ಕೋಶಗಳು ಗಂತಿಯ ಮೇಲೆ ಬೀಳುತ್ತವೆ. ಈ ತತ್ತ್ವವನ್ನು ಕಂಡುಕೊಂಡದ್ದಕ್ಕಾಗಿ ಜೇಮ್ಸ್ ಅಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಹುಮಾನ ಬಂದಿತು. ಟಿ-ಕೋಶಗಳಿಲ್ಲದ ಪಾತ್ರೆಯಲ್ಲಿ ಮೆಲನೋಮ ಕೋಶಗಳ ಮೇಲೆ ಈ ಪ್ರತಿಕಾಯವನ್ನು ಸುರಿದರೆ ಏನೂ ಆಗುವುದಿಲ್ಲ. ಅಂಥ ಪರೀಕ್ಷೆಯನ್ನೇ ನೆಚ್ಚಿದ್ದರೆ ಅದನ್ನು ನಿರರ್ಥಕವೆಂದು ತಳ್ಳಬೇಕಾಗುತ್ತಿತ್ತು. ಇಲ್ಲಿ ಬೇಕಾದದ್ದು ಇಡೀ ಪ್ರಾಣಿ. 1954ರಲ್ಲಿ ಅಮೆರಿಕದ ಜ್ಯಾಕ್ಸನ್ ಪ್ರಯೋಗಾಲಯದ ಕಪ್ಪು ಇಲಿಯೊಂದರಲ್ಲಿ ತಾನಾಗಿ ಹುಟ್ಟಿದ ಬಿ16 ಎಂಬ ಮೆಲನೋಮವು ಇಂದಿಗೂ ಈ ಕೆಲಸಕ್ಕೆ ಬರುತ್ತಿದೆ. ರಕ್ಷಣಾ ಕೋಶಗಳ ಕಣ್ಣಿಗೆ ಸುಲಭವಾಗಿ ಬೀಳದ ಗಂತಿ ಇದು. 1999ರಲ್ಲಿ ಅಲಿಸನ್ನರ ತಂಡವು ಸಿಟಿಎಲ್ಎ-4ರ ಪ್ರತಿಕಾಯವೊಂದರಿಂದಲೇ ಬಿ16 ಮಣಿಯುವುದಿಲ್ಲವೆಂದೂ, ಮಾರ್ಪಡಿಸಿದ ಗಂತಿಕೋಶಗಳ ಲಸಿಕೆಯನ್ನು ಜೊತೆಗೆ ಕೊಟ್ಟರೆ ಮಣಿಯುತ್ತದೆಂದೂ ತೋರಿಸಿತು. ಮನುಷ್ಯರಲ್ಲಿ ಆದದ್ದು ಇದಕ್ಕೆ ಬಹುಮಟ್ಟಿಗೆ ತಿರುಗುಮುರುಗು. 2010ರ ಪರೀಕ್ಷೆಯಲ್ಲಿ ಇಪಿಲಿಮುಮ್ಯಾಬ್ ಎಂಬ ಪ್ರತಿಕಾಯವು ತಾನೊಂದೇ ಆಯಸ್ಸನ್ನು ಹೆಚ್ಚಿಸಿತು. ಜೊತೆಗೆ ಕೊಟ್ಟ ಬೇರೊಂದು ಬಗೆಯ ಲಸಿಕೆ ಏನನ್ನೂ ಕೂಡಿಸಲಿಲ್ಲ. ಇಲಿಯೂ ಪೂರ್ಣ ಸಾಕ್ಷಿಯಲ್ಲವೆಂದಾಯಿತು. 945 ರೋಗಿಗಳನ್ನು ಹತ್ತು ವರ್ಷಗಳವರೆಗೆ ಅನುಸರಿಸಿ 2024ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಇಪಿಲಿಮುಮ್ಯಾಬ್ ಮತ್ತು ನಿವೊಲುಮ್ಯಾಬ್ ಎರಡನ್ನೂ ಪಡೆದ ಗುಂಪಿನಲ್ಲಿ ಶೇಕಡ 43 ಮಂದಿ ಹತ್ತು ವರ್ಷದ ಕೊನೆಯಲ್ಲಿ ಜೀವಿಸಿದ್ದರು. ಡಕಾರ್ಬಜೀನಿನ ಕಾಲವನ್ನು ಬಲ್ಲವರಿಗೆ ಈ ಅಂಕಿಯನ್ನು ಮೊದಲ ಓದಿಗೆ ನಂಬುವುದೇ ಕಷ್ಟ.

ಇದುವರೆಗೆ ಹೇಳಿದ್ದೆಲ್ಲ ಪಾತ್ರೆಯಲ್ಲಿರುವುದು ಮೆಲನೋಮ ಕೋಶವೇ ಎಂಬ ನಂಬಿಕೆಯ ಮೇಲೆ ನಿಂತಿದೆ. ಅದೇ ತಪ್ಪಾಗಿದ್ದರೆ? ಒಂದು ಕೋಶವಂಶದ ಕೋಶ ಇನ್ನೊಂದರ ಪಾತ್ರೆಗೆ ಒಂದೆರಡು ಹನಿಯಲ್ಲಿ ಸೇರಿಕೊಂಡು, ವೇಗವಾಗಿ ಬೆಳೆದು, ಮನೆಯ ಒಡೆಯನನ್ನೇ ಹೊರದೂಡುವುದು ಹೊಸ ಸಂಗತಿಯಲ್ಲ. 1951ರಲ್ಲಿ ಬಾಲ್ಟಿಮೋರಿನ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗಂತಿಯಿಂದ, ಆಕೆಯ ಅನುಮತಿಯಿಲ್ಲದೆ, ಬೆಳೆಸಿದ ಹೀಲಾ ಕೋಶಗಳು ಹೀಗೆ ಅನೇಕ ಪ್ರಯೋಗಶಾಲೆಗಳ ಪಾತ್ರೆಗಳನ್ನು ಆಕ್ರಮಿಸಿದ್ದನ್ನು 1966ರಲ್ಲಿಯೇ ಸ್ಟ್ಯಾನ್ಲಿ ಗಾರ್ಟ್ಲರ್ ಬಯಲಿಗೆ ತಂದಿದ್ದರು. ಆದರೂ ಎಚ್ಚರ ಹುಟ್ಟಲಿಲ್ಲ. ಮೆಲನೋಮದ ಮಟ್ಟಿಗೆ ನಡೆದದ್ದು ಹೀಗೆ.

1976ರಲ್ಲಿ ಟೆಕ್ಸಾಸಿನ ಎಂ.ಡಿ. ಆಂಡರ್ಸನ್ ಆಸ್ಪತ್ರೆಯಲ್ಲಿ ಸ್ತನ ಕ್ಯಾನ್ಸರಿನ ರೋಗಿಯೊಬ್ಬಳ ಎದೆಗೂಡಿನ ದ್ರವದಿಂದ ಬೆಳೆಸಿದ್ದೆಂದು ದಾಖಲೆಯಾದ ಕೋಶವಂಶಕ್ಕೆ ಎಂಡಿಎ-ಎಂಬಿ-435 ಎಂದು ಹೆಸರಿಟ್ಟರು. ಸ್ತನ ಕ್ಯಾನ್ಸರಿನ ಕೋಶವಂಶಗಳಲ್ಲಿ ಇಲಿಗಳಿಗೆ ಚುಚ್ಚಿದಾಗ ದೂರದ ಅಂಗಗಳಿಗೆ ಹಬ್ಬುವಂಥವು ವಿರಳ. ಇದು ಹಬ್ಬುತ್ತಿತ್ತು. ಆದ್ದರಿಂದ ಸ್ತನ ಕ್ಯಾನ್ಸರು ಹೇಗೆ ಹರಡುತ್ತದೆಂದು ತಿಳಿಯಬಯಸಿದವರೆಲ್ಲ ಇದನ್ನು ತರಿಸಿಕೊಂಡರು. ನೂರಾರು ಪ್ರಬಂಧಗಳು ಹೊರಬಂದುವು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು ಹೊಸ ಔಷಧಗಳನ್ನು ಜರಡಿ ಹಿಡಿಯಲು ಆರಿಸಿಕೊಂಡ 60 ಕೋಶವಂಶಗಳಲ್ಲಿ ಸ್ತನ ಕ್ಯಾನ್ಸರಿನ ಸಾಲಿನಲ್ಲಿ ಇದಕ್ಕೂ ಸ್ಥಾನ ದೊರೆಯಿತು.

2000ದಲ್ಲಿ ಆ 60 ವಂಶಗಳಲ್ಲಿ ಸಾವಿರಾರು ಜೀನುಗಳ ಚಟುವಟಿಕೆಯನ್ನು ಒಟ್ಟಿಗೆ ಅಳೆದು, ಹೋಲಿಕೆಯುಳ್ಳವನ್ನು ಪಕ್ಕಪಕ್ಕದಲ್ಲಿಡುವ ಪ್ರಯತ್ನ ನಡೆಯಿತು. ಎಂಡಿಎ-ಎಂಬಿ-435 ಸ್ತನದ ಕೋಶಗಳ ಬಳಿ ಕೂಡದೆ ಮೆಲನೋಮಗಳ ಗುಂಪಿಗೆ ಹೋಗಿ ಸೇರಿತು. ಮೆಲನಿನ್ ತಯಾರಿಕೆಗೆ ಸಂಬಂಧಿಸಿದ ಜೀನುಗಳು ಅದರಲ್ಲಿ ಕೆಲಸ ಮಾಡುತ್ತಿದ್ದುವು. ಇದನ್ನು ಕಂಡ ಮೇಲೂ ಕೆಲವರು ಹಳೆಯ ಹೆಸರನ್ನು ಸಮರ್ಥಿಸಿದರು. ಕೆಟ್ಟುಹೋದ ಸ್ತನಕೋಶವು ತನ್ನ ಕುಲಧರ್ಮವನ್ನು ಮರೆತು ಮೆಲನೋಸೈಟಿನಂತೆ ವರ್ತಿಸುತ್ತಿರಬಹುದು ಎಂಬುದು ಅವರ ವಾದ. ವಾದವು ಅಸಂಭವವೇನೂ ಆಗಿರಲಿಲ್ಲ, ಕ್ಯಾನ್ಸರ್ ಕೋಶಗಳು ಇದಕ್ಕಿಂತ ವಿಚಿತ್ರವಾಗಿ ನಡೆದುಕೊಂಡದ್ದುಂಟು. ಆದರೆ ಡಿ.ಎನ್.ಎ. ಪರೀಕ್ಷೆಯ ಫಲಿತಾಂಶ ಬೇರೆಯಾಗಿತ್ತು. ನಮ್ಮ ವರ್ಣತಂತುಗಳ ಕೆಲವು ತಾಣಗಳಲ್ಲಿ ಕಿರಿಯ ಪದಪುಂಜಗಳು ಒಂದರ ಹಿಂದೊಂದು ಪುನರಾವೃತ್ತಿಯಾಗುತ್ತವೆ. ಎಷ್ಟು ಸಲವೆಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಹಲವು ತಾಣಗಳ ಎಣಿಕೆಯನ್ನು ಒಟ್ಟಿಗೆ ನೋಡಿದರೆ ಅದು ಹೆಬ್ಬೆರಳ ಗುರುತಿನಷ್ಟು ಖಚಿತ. ಎಂಡಿಎ-ಎಂಬಿ-435ರ ಗುರುತು ಕ್ಯಾಲಿಫೋರ್ನಿಯದಲ್ಲಿ ಬೆಳೆಸಿದ ಎಂ14 ಎಂಬ ಮೆಲನೋಮ ವಂಶದ ಗುರುತಿಗೆ ಸರಿಹೊಂದಿತು. ಎಂ14ರ ಮೂಲ ರೋಗಿ ಗಂಡಸು! ಆ ಎಂ14 ಕೂಡ ಅದೇ 60ರ ಪಟ್ಟಿಯಲ್ಲಿ ಮೆಲನೋಮದ ಸಾಲಿನಲ್ಲಿ ಇತ್ತು. ಒಬ್ಬನೇ ಮನುಷ್ಯನ ಕೋಶಗಳು ಎರಡು ಹೆಸರಿನಲ್ಲಿ, ಎರಡು ರೋಗಗಳ ಪರವಾಗಿ, ವರ್ಷಗಳ ಕಾಲ ಸಾಕ್ಷ್ಯ ನುಡಿದಿದ್ದುವು.

ಎರಡೂ ಒಂದೇ ಎಂದು ಸಿದ್ಧವಾದರೂ ಯಾವುದು ಮೂಲ, ಯಾವುದು ನುಸುಳಿದ್ದು ಎಂಬ ಪ್ರಶ್ನೆ ಉಳಿಯಿತು. ಕೋಶಗಳಲ್ಲಿ ಗಂಡಸಿನ ವೈ ವರ್ಣತಂತು ಕಾಣದಿದ್ದುದರಿಂದ ಸಂಶಯಕ್ಕೆ ಎಡೆಯಿತ್ತು. ಪಾತ್ರೆಯಲ್ಲಿ ಬಹುಕಾಲ ಬೆಳೆದ ಕೋಶಗಳು ಅದನ್ನು ಕಳೆದುಕೊಳ್ಳುವುದೂ ಉಂಟು. ವಿವಾದ ಕೊನೆಗೊಂಡದ್ದು 2018ರಲ್ಲಿ. ಎಂ14ರ ಹುಟ್ಟೂರಾದ ಪ್ರಯೋಗಶಾಲೆಯಲ್ಲಿ 1975ರ ಡಿಸೆಂಬರಿನಲ್ಲಿ, ಎಂದರೆ ಎಂಡಿಎ-ಎಂಬಿ-435 ಹುಟ್ಟುವುದಕ್ಕೆ ಮೊದಲೇ, ಹೆಪ್ಪುಗಟ್ಟಿಸಿಟ್ಟ ಶೀಶೆಗಳು ದೊರೆತವು. ಅದೇ ರೋಗಿಯ ಬಿಳಿಯ ರಕ್ತಕಣಗಳಿಂದ ಬೆಳೆಸಿದ ಇನ್ನೊಂದು ವಂಶವೂ ಆತನ ರಕ್ತಸಾರವೂ ಉಳಿದಿದ್ದುವು. ಎಲ್ಲವನ್ನೂ ಹೋಲಿಸಿ, ಎಂ14 ಸಾಚಾ, ಎಂಡಿಎ-ಎಂಬಿ-435 ಹೆಸರು ತಪ್ಪಿದ ಮೆಲನೋಮ ಎಂದು ತೀರ್ಮಾನಿಸಿದರು. ಯಾರೋ ನಾಲ್ಕು ದಶಕಗಳ ಹಿಂದೆ ಶೀಶೆಯ ಮೇಲೆ ತಾರೀಖನ್ನು ಸರಿಯಾಗಿ ಬರೆದಿಟ್ಟಿದ್ದರಿಂದ ಇದು ಸಾಧ್ಯವಾಯಿತು. ಮೆಲನೋಮದ ಗುರುತಾದ ಬಿರಾಫ್ ದೋಷವೂ ಆ ಕೋಶದಲ್ಲಿ ಮೊದಲಿನಿಂದ ಇದ್ದೇ ಇತ್ತು. ಕೋಶದ ಮನೆತನವು ಚಿಕಿತ್ಸೆಯ ಫಲವನ್ನು ನಿರ್ಧರಿಸುತ್ತದೆಂದು ಮೇಲೆ ಹೇಳಿದೆವು. ಆ ಮನೆತನವೇ ತಪ್ಪಾಗಿ ದಾಖಲಾಗಿದ್ದರೆ ನಷ್ಟ ಎಷ್ಟೆಂದು ವಾಚಕರೇ ಊಹಿಸಬಹುದು.

ಇದು ಪರದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿಯೂ ಮೆಲನೋಮವೆಂದು ಚೀಟಿ ಅಂಟಿಸಿದ್ದ ಶೀಶೆಯೊಂದು ಪರೀಕ್ಷೆಯಲ್ಲಿ ಹೀಲಾ ಎಂದು ತಿಳಿದುಬಂದಿತು. ಅದು ಯಾರಿಂದ ಬಂತೆಂಬುದು ಇಲ್ಲಿ ಮುಖ್ಯವಲ್ಲ. ಪರೀಕ್ಷಿಸದೆ ಬಳಸಿದವರು ನಾವು. ವಿದ್ಯಾರ್ಥಿಯೊಬ್ಬರು ತಮ್ಮ ಪ್ರಬಂಧದ ಒಂದು ಅಧ್ಯಾಯವನ್ನೇ ತೆಗೆದುಹಾಕಬೇಕಾಯಿತು. ಪರೀಕ್ಷೆಗೆ ತಗಲುವ ವೆಚ್ಚ ಆ ಅಧ್ಯಾಯಕ್ಕೆ ಸುರಿದ ಕರುವಿನ ರಕ್ತಸಾರದ ಬೆಲೆಗಿಂತ ಬಹಳ ಕಡಮೆಯಿತ್ತೆಂಬುದು ಈಗಲೂ ನಮ್ಮ ಮನಸ್ಸನ್ನು ಚುಚ್ಚುತ್ತದೆ. ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರವು ದೇಶದ ಪ್ರಯೋಗಶಾಲೆಗಳಿಗೆ ಕೋಶವಂಶಗಳನ್ನು ಒದಗಿಸುತ್ತದೆ. ಪಕ್ಕದ ಕಟ್ಟಡದ ಸ್ನೇಹಿತರಿಂದ ಕೈಬದಲಾಗಿ ತಂದ ಶೀಶೆ ಎಷ್ಟೇ ಅನುಕೂಲವಾಗಿ ಕಂಡರೂ ಅಂಥ ಭಂಡಾರದಿಂದ ತರಿಸುವುದೇ ಯುಕ್ತ.

ಹೆಸರು ಸರಿಯಾಗಿದ್ದರೂ ನಮ್ಮ ದೇಶಕ್ಕೆ ಇನ್ನೊಂದು ಕೊರತೆ ಉಳಿಯುತ್ತದೆ. ಎ-375, ಎಸ್‌ಕೆ-ಮೆಲ್-28 ಮುಂತಾಗಿ ಎಲ್ಲೆಡೆಯೂ ಬಳಕೆಯಲ್ಲಿರುವ ಮೆಲನೋಮ ವಂಶಗಳಲ್ಲಿ ಬಹುಪಾಲು ಬಿಳಿಯ ಚರ್ಮದ ಜನರಿಂದ ಬಂದುವು. ಬಿರಾಫ್ ದೋಷ ಅವುಗಳಲ್ಲಿ ಸಾಮಾನ್ಯ. ನಮ್ಮ ಜನರಲ್ಲಿ ಮೆಲನೋಮ ವಿರಳ. ಬಂದಾಗ ಅದು ಹಲವು ವೇಳೆ ಬಿಸಿಲು ತಾಗದ ಕಡೆ ಬರುತ್ತದೆ: ಅಂಗಾಲಿನಲ್ಲಿ, ಉಗುರಿನ ತಳದಲ್ಲಿ, ಬಾಯಿಯ ಅಥವಾ ಮೂಗಿನ ಒಳಪೊರೆಯಲ್ಲಿ. ಅಂಗಾಲಿನ ಕಪ್ಪು ಮಚ್ಚೆಯನ್ನು ಆಣಿಯೆಂದೋ ಮುಳ್ಳು ಚುಚ್ಚಿದ ಕಲೆಯೆಂದೋ ಉಪೇಕ್ಷಿಸಿ ಕಾಲ ಕಳೆಯುವುದು ಸುಲಭ. ಈ ಬಗೆಯ ಮೆಲನೋಮಗಳಲ್ಲಿ ಬಿರಾಫ್ ದೋಷ ಕಡಮೆ, ಕಿಟ್ ಎಂಬ ಬೇರೊಂದು ಜೀನಿನ ದೋಷ ಹೆಚ್ಚು. ಇವುಗಳಿಂದ ಬೆಳೆಸಿದ ಕೋಶವಂಶಗಳು ಪ್ರಪಂಚದಲ್ಲೇ ಕೆಲವು ಮಾತ್ರ. ಎ-375ರ ಮೇಲೆ ಔಷಧವೊಂದನ್ನು ಪರೀಕ್ಷಿಸಿ ಅಂಗಾಲಿನ ಗಂತಿಯ ರೋಗಿಯ ಬಗ್ಗೆ ಮಾತನಾಡುವವರು ಇದನ್ನು ಅರಿತು ಮಾತನಾಡಬೇಕು.

ಈಗ ನಮ್ಮ ವಿಭಾಗದ ಶೀಶೆಗಳ ದಾಖಲೆ ಪುಸ್ತಕದಲ್ಲಿ ಹೊಸದಾಗಿ ನಾಲ್ಕು ಅಂಕಣಗಳನ್ನು ಗೆರೆ ಎಳೆದು ಸೇರಿಸಿದ್ದೇವೆ: ಕೋಶವು ಎಲ್ಲಿಂದ ಬಂದಿತು, ಗಂತಿ ದೇಹದ ಯಾವ ಭಾಗದ್ದು, ಡಿ.ಎನ್.ಎ. ಗುರುತನ್ನು ಯಾವ ತಾರೀಖಿನಲ್ಲಿ ನೋಡಿದ್ದು, ನೋಡಿದವರ ಸಹಿ. ಹಳೆಯ ಶೀಶೆಗಳಲ್ಲಿ ಹಲವಕ್ಕೆ ಮೊದಲ ಅಂಕಣ ಇನ್ನೂ ಖಾಲಿ ಇದೆ. ಅವನ್ನು ತುಂಬಿದ ಮೇಲೆಯೇ ಆ ಕೋಶಗಳನ್ನು ಎಬ್ಬಿಸುವುದೆಂದು ನಿಶ್ಚಯಿಸಿದ್ದೇವೆ.